ಎಂ35ಎ2 ಮಿಲಿಟರಿ ಲಾರಿಯ ಮಲ್ಟಿಫ್ಯೂಯಲ್ ಎಂಜಿನ್: ಪಂಪಿನಲ್ಲಿ ಡೀಸೆಲ್ ಹೆಚ್ಚು ಕಡಿಮೆ ಮಾಡುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಸೇನೆ ಬಳಸಿ ಮಾರಿದ ಎಂ35ಎ2 ಲಾರಿಗಳು ಅಲ್ಲಿನ ಹೊಲ, ತೋಟ, ಹವ್ಯಾಸಿಗಳ ಶೆಡ್ಡುಗಳಲ್ಲಿ ಇನ್ನೂ ಓಡುತ್ತಿವೆ. 'ಡ್ಯೂಸ್ ಆಂಡ್ ಎ ಹಾಫ್' ಎಂದು ಅವರು ಕರೆಯುವ ಈ ಎರಡೂವರೆ ಟನ್ ಲಾರಿಯನ್ನು ಕೊಂಡವರು ಮೊದಲ ಏರು ಸಿಕ್ಕ ಕೂಡಲೇ ಕೇಳುವುದು ಒಂದೇ ಮಾತು: "ಪಿಕಪ್ ಸಾಲದು, ಪಂಪಿನ ಸ್ಕ್ರೂ ಸ್ವಲ್ಪ ತಿರುಗಿಸಿದರೆ ಆಗುತ್ತದಾ?" ಆಗುತ್ತದೆ. ಪಂಪ್ ಎಂದರೆ ಇಲ್ಲಿ ಸಿಲಿಂಡರುಗಳಿಗೆ ಡೀಸೆಲ್ ಅಳೆದು ಕಳಿಸುವ ಪಂಪ್, ಆ ಸ್ಕ್ರೂ ಡೀಸೆಲ್ ಪ್ರಮಾಣದ್ದು. ಆದರೆ ಆ ಸ್ಕ್ರೂಗೆ ಕೈ ಹಾಕುವ ಮೊದಲು ತಿಳಿದಿರಬೇಕಾದದ್ದು ಬಹಳ ಇದೆ.

ಈ ಎಂಜಿನ್ ಯಾವುದು? ಎಲ್‌ಡಿ, ಎಲ್‌ಡಿಟಿ, ಎಲ್‌ಡಿಎಸ್ ಎಂದು ಬೇರೆ ಬೇರೆ ಹೆಸರು ಏಕೆ?

ಮೂರೂ ಒಂದೇ ಮನೆತನದ ಮಲ್ಟಿಫ್ಯೂಯಲ್, ಅಂದರೆ ಹಲವು ಬಗೆಯ ಇಂಧನ ಉರಿಸುವ, ಎಂಜಿನ್ನುಗಳು. ವಿನ್ಯಾಸ ಕಾಂಟಿನೆಂಟಲ್ ಮೋಟರ್ಸ್ ಕಂಪನಿಯದು. ಸಾಲಾಗಿ ಆರು ಸಿಲಿಂಡರ್, ಹೆಸರಿನಲ್ಲಿ 465 ಎಂದಿದ್ದರೂ ನಿಜವಾದ ಗಾತ್ರ 478 ಘನ ಇಂಚು, ಅಂದರೆ ಸುಮಾರು 7.8 ಲೀಟರ್. ಎಲ್‌ಡಿ-465ಕ್ಕೆ ಟರ್ಬೊ, ಅಂದರೆ ಹೊಗೆಯ ರಭಸದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ, ಇಲ್ಲ. ಎಲ್‌ಡಿಟಿ-465ಕ್ಕೆ ಟರ್ಬೊ ಇದೆ, ಎಂ35ಎ2ಗಳಲ್ಲಿ ಹೆಚ್ಚಾಗಿ ಸಿಗುವುದು ಇದೇ. ಎಲ್‌ಡಿಎಸ್-465 ಐದು ಟನ್ ಲಾರಿಗಳಿಗೆ ಬಂದದ್ದು, ಅದಕ್ಕೆ ಟರ್ಬೊ ಜೊತೆಗೆ ಡೀಸೆಲ್ ಪ್ರಮಾಣವೂ ಹೆಚ್ಚು.

ಈ ಪುಟದ ಉಳಿದ ಮಾತೆಲ್ಲ ನಿಂತಿರುವುದು ಇಲ್ಲಿ ಬರುವ ಒಂದು ಸಂಗತಿಯ ಮೇಲೆ. ಎಲ್‌ಡಿಟಿಗೆ ಟರ್ಬೊ ಕೂರಿಸಿದ್ದು ಶಕ್ತಿ ಹೆಚ್ಚಿಸುವುದಕ್ಕಲ್ಲ, ಹೊಗೆ ಕಡಿಮೆ ಮಾಡುವುದಕ್ಕೆ. ಟರ್ಬೊ ಇಲ್ಲದ ಎಂಜಿನ್ ಕಪ್ಪು ಹೊಗೆ ಉಗುಳುತ್ತಿತ್ತು, ಎತ್ತರದ ಪ್ರದೇಶದಲ್ಲಂತೂ ಇನ್ನೂ ಹೆಚ್ಚು. ಯುದ್ಧಭೂಮಿಯಲ್ಲಿ ಹೊಗೆ ಎದ್ದರೆ ಲಾರಿ ಎಲ್ಲಿದೆ ಎಂದು ದೂರದಿಂದಲೇ ಗೊತ್ತಾಗುತ್ತದೆ. ಹಾಗಾಗಿ ಗಾಳಿ ಹೆಚ್ಚಿಸಿದರು, ಡೀಸೆಲ್ ಹೆಚ್ಚಿಸಲಿಲ್ಲ. ಎಲ್‌ಡಿಟಿಯ ಶಕ್ತಿ 2600 ಆರ್‌ಪಿಎಂನಲ್ಲಿ ಸುಮಾರು 130ರಿಂದ 140 ಅಶ್ವಶಕ್ತಿಯಷ್ಟೇ ಉಳಿಯಿತು. ಅದರೊಳಗೆ ಬಳಕೆಯಾಗದ ಗಾಳಿ ಸ್ವಲ್ಪ ಉಳಿದಿರುತ್ತದೆ, ಡೀಸೆಲ್ ಹೆಚ್ಚಿಸಲು ಅವಕಾಶ ಇರುವುದು ಆ ಗಾಳಿಯಿಂದ. ಟರ್ಬೊ ಇಲ್ಲದ ಎಲ್‌ಡಿಗೆ ಆ ಅವಕಾಶವಿಲ್ಲ. ನಿಮ್ಮದು ಎಲ್‌ಡಿ ಆಗಿದ್ದರೆ ಸ್ಕ್ರೂ ಮುಟ್ಟಬೇಡಿ. ಬರುವುದು ಹೊಗೆ, ಶಕ್ತಿಯಲ್ಲ.

ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್ ಮೂರನ್ನೂ ಒಂದೇ ಎಂಜಿನ್ ಹೇಗೆ ಉರಿಸುತ್ತದೆ?

ಜರ್ಮನಿಯ ಎಂಎಎನ್ ಕಂಪನಿಯಲ್ಲಿ ಸೀಗ್‌ಫ್ರೀಡ್ ಮಾಯರರ್ ರೂಪಿಸಿದ ದಹನ ಕ್ರಮ ಇದಕ್ಕೆ ಮೂಲ. ಅದನ್ನು 'ಎಂ' ಪದ್ಧತಿ ಎನ್ನುತ್ತಾರೆ. ಮಾಮೂಲಿ ಡೀಸೆಲ್ ಎಂಜಿನ್ನಿನಲ್ಲಿ ನಾಝಲ್ ಇಂಧನವನ್ನು ಬಿಸಿ ಗಾಳಿಯೊಳಕ್ಕೆ ಮಂಜಿನಂತೆ ಚಿಮುಕಿಸುತ್ತದೆ. ಇಲ್ಲಿ ಪಿಸ್ಟನ್ ತಲೆಯಲ್ಲಿ ಉರುಟಾದ ಗುಳಿ ಇರುತ್ತದೆ, ಇಂಧನದ ಬಹುಪಾಲು ಆ ಗುಳಿಯ ಗೋಡೆಗೆ ಬಿದ್ದು, ಕಾವಲಿಗೆ ಎಣ್ಣೆ ಸವರಿದ ಹಾಗೆ ತೆಳುವಾಗಿ ಹರಡುತ್ತದೆ. ಗಾಳಿಯಲ್ಲೇ ಉಳಿದ ಸ್ವಲ್ಪ ಇಂಧನ ಮೊದಲು ಹೊತ್ತಿಕೊಳ್ಳುತ್ತದೆ. ಗೋಡೆಗೆ ಅಂಟಿದ್ದು ಪದರಪದರವಾಗಿ ಆವಿಯಾಗಿ, ಸುಳಿಯುವ ಗಾಳಿಯಲ್ಲಿ ಬೆರೆತು ನಿಧಾನಕ್ಕೆ ಉರಿಯುತ್ತದೆ. ಎಲ್ಲ ಒಟ್ಟಿಗೇ ಸ್ಫೋಟಿಸದ ಕಾರಣ ಬಡಿತದ ಸದ್ದು ಕಡಿಮೆ. ಜರ್ಮನ್ನರು ಇದಕ್ಕೆ 'ಪಿಸುಗುಡುವ ಎಂಜಿನ್' ಎಂದೇ ಹೆಸರಿಟ್ಟಿದ್ದರು. ಪೆಟ್ರೋಲಿನಂಥ, ಒತ್ತಡಕ್ಕೆ ಸುಲಭವಾಗಿ ಹೊತ್ತಿಕೊಳ್ಳದ ಇಂಧನವನ್ನೂ ಇದು ಸಂಭಾಳಿಸುತ್ತದೆ. ಅದಕ್ಕೆ ನೆರವಾಗಲೆಂದೇ ಕಂಪ್ರೆಶನ್, ಅಂದರೆ ಗಾಳಿಯನ್ನು ಅದುಮುವ ಪ್ರಮಾಣ, 22:1ರಷ್ಟು ಎತ್ತರಕ್ಕೆ ಇಟ್ಟಿದ್ದಾರೆ.

ನಮ್ಮ ಸೇನೆಯ ಶಕ್ತಿಮಾನ್ ಲಾರಿಯೂ ಇದೇ ಎಂಎಎನ್ ಕಂಪನಿಯ ಪರವಾನಗಿಯಲ್ಲಿ 1959ರಿಂದ ಜಬಲ್‌ಪುರದಲ್ಲಿ ತಯಾರಾದದ್ದು. ಸೇನೆಯಲ್ಲಿದ್ದು ಬಂದ ಹಳೆಯ ಮೆಕ್ಯಾನಿಕ್‌ಗಳಿಗೆ ಎಂಎಎನ್ ಎಂಬ ಮೂರಕ್ಷರ ಹೊಸದಲ್ಲ.

ನನಗೆ ಮೈಕೋ ಪಂಪ್ ಗೊತ್ತು. ಇದರ ಪಂಪ್ ಹಾಗೇ ಇರುತ್ತದಾ?

ಇಲ್ಲ. ಬೆಂಗಳೂರಿನ ಮೈಕೋ ಪಂಪುಗಳ ಮೇಲೆ ಕೈ ಪಳಗಿಸಿಕೊಂಡವರು ಎಡವುವುದೇ ಇಲ್ಲಿ. ಅವರು ಬಲ್ಲ ಇನ್‌ಲೈನ್ ಪಂಪಿನಲ್ಲಿ ಸಿಲಿಂಡರಿಗೊಂದು ಪ್ಲಂಜರ್ (ಇಂಧನ ಒತ್ತುವ ಪುಟ್ಟ ಕಡ್ಡಿ), ಎಲ್ಲವನ್ನೂ ಒಟ್ಟಿಗೆ ತಿರುಗಿಸುವ ರ‍್ಯಾಕ್. ಎಂ35ಎ2ರಲ್ಲಿ ಇರುವುದು ಅಮೆರಿಕನ್ ಬಾಷ್ ಕಂಪನಿಯ ಪಿಎಸ್‌ಬಿ ಪಂಪ್. ಆರು ಸಿಲಿಂಡರಿಗೂ ಒಂದೇ ಪ್ಲಂಜರ್. ಅದು ಮೇಲೆ ಕೆಳಗೆ ಹೋಗುತ್ತ ಒತ್ತಡ ಕೊಡುತ್ತದೆ, ತಿರುಗುತ್ತ ಸರದಿಯಂತೆ ಆರು ಪೈಪುಗಳಿಗೆ ಹಂಚುತ್ತದೆ. ಪ್ಲಂಜರ್ ಸುತ್ತ ಒಂದು ಸ್ಲೀವ್ ಇದೆ. ಅದು ಸರಿದಂತೆಲ್ಲ ಇಂಧನ ಹೊರಚೆಲ್ಲುವ ರಂಧ್ರ ತೆರೆದುಕೊಳ್ಳುವ ಗಳಿಗೆ ಹಿಂದುಮುಂದಾಗುತ್ತದೆ. ಬೇಗ ತೆರೆದರೆ ನಾಝಲಿಗೆ ಹೋಗುವ ಡೀಸೆಲ್ ಕಡಿಮೆ, ತಡವಾದರೆ ಹೆಚ್ಚು.

ಹಾಗಾಗಿ ಒಂದೊಂದು ಸಿಲಿಂಡರಿನ ಪ್ರಮಾಣ ಬೇರೆ ಬೇರೆಯಾಗಿ ಹೊಂದಿಸುವ ತಾಪತ್ರಯ ಇಲ್ಲಿಲ್ಲ. ಆದರೆ ಆ ಒಂದು ಪ್ಲಂಜರ್ ಮತ್ತು ಅದು ಕೂರುವ ಹೈಡ್ರಾಲಿಕ್ ಹೆಡ್ ಕೆಟ್ಟರೆ ಆರೂ ಸಿಲಿಂಡರ್ ಒಟ್ಟಿಗೆ ಮಲಗುತ್ತವೆ. ಈ ಪಂಪಿನ ದುರ್ಬಲ ಜಾಗ ಅದೇ. ಕೊಳೆ ಮತ್ತು ನೀರು ಎರಡೂ ಅದಕ್ಕೆ ವಿಷ.

'ಫ್ಯೂಯಲ್ ಡೆನ್ಸಿಟಿ ಕಾಂಪೆನ್ಸೇಟರ್' ಏನು ಮಾಡುತ್ತದೆ?

ಪಂಪ್ ಅಳೆಯುವುದು ಇಂಧನದ ಗಾತ್ರವನ್ನು, ತೂಕವನ್ನಲ್ಲ. ಒಂದು ಲೀಟರ್ ಡೀಸೆಲ್ಲಿನಲ್ಲಿ ಸುಮಾರು 36 ಮೆಗಾಜೂಲ್ ಶಕ್ತಿಯಿದ್ದರೆ ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32. ಅದರ ಮೇಲೆ ಪೆಟ್ರೋಲ್ ತೀರಾ ತೆಳು, ಪ್ಲಂಜರ್ ಸಂದಿಯಲ್ಲೇ ಒಂದಷ್ಟು ಜಾರಿಹೋಗುತ್ತದೆ. ಹೀಗಾಗಿ ಡೀಸೆಲ್ಲಿಗೆ ಹೊಂದಿಸಿದ ಪಂಪಿಗೆ ಪೆಟ್ರೋಲ್ ಸುರಿದರೆ ಲಾರಿ ಸೊರಗುತ್ತದೆ. ಪೆಟ್ರೋಲಿಗೆ ಹೊಂದಿಸಿ ಡೀಸೆಲ್ ಸುರಿದರೆ ಹೊಗೆಯೋ ಹೊಗೆ.

ಇದನ್ನು ತಾನೇ ಸರಿದೂಗಿಸಲು ಪಂಪಿಗೆ ಕಾಂಪೆನ್ಸೇಟರ್ ಜೋಡಿಸಿದ್ದಾರೆ. ಹೆಸರಿನಲ್ಲಿ ಡೆನ್ಸಿಟಿ ಎಂದಿದ್ದರೂ ಅದು ಗುರುತಿಸುವುದು ಇಂಧನ ಎಷ್ಟು ಮಂದ, ಎಷ್ಟು ತೆಳು ಎಂಬುದನ್ನು. ಇಂಧನ ಅದರೊಳಗೆ ಹರಿಯುವಾಗ ಹುಟ್ಟುವ ಒತ್ತಡ ಒಂದು ಪುಟ್ಟ ಪಿಸ್ಟನ್ನನ್ನು ಸ್ಪ್ರಿಂಗಿನ ಎದುರು ತಳ್ಳುತ್ತದೆ. ಆ ಪಿಸ್ಟನ್ ಓರೆಯಾದ ಒಂದು ತಡೆಯನ್ನು ಸರಿಸುತ್ತದೆ. ಎಂಜಿನ್ ವೇಗ ಹಿಡಿತದಲ್ಲಿಡುವ ಗವರ್ನರಿನ ಲಿವರ್ ಎಲ್ಲಿಯವರೆಗೆ ಹೋಗಬಹುದು ಎಂದು ನಿರ್ಧರಿಸುವುದು ಆ ತಡೆ. ಬ್ಯಾಟರಿ, ವೈರು, ಸೆನ್ಸರ್ ಯಾವುದೂ ಇಲ್ಲದೆ, ಟ್ಯಾಂಕಿಗೆ ಏನು ಸುರಿದಿದ್ದಾರೆ ಎಂದು ಕಂಡುಕೊಂಡು ಪ್ರಮಾಣ ಬದಲಿಸುವ ಈ ಭಾಗದ ಬಗ್ಗೆ ನನಗೆ ಬಹಳ ಗೌರವ.

ಅಷ್ಟು ಒಳ್ಳೆಯದಾದರೆ ಜನ ಅದನ್ನು ಬೈಪಾಸ್ ಮಾಡುವುದೇಕೆ?

ವಯಸ್ಸಾದ ಮೇಲೆ ಅದರ ಸೀಲುಗಳು ಗಟ್ಟಿಯಾಗಿ ಸೋರುತ್ತವೆ. ಹೊರಗೆ ಸೋರಿದರೆ ಕಣ್ಣಿಗೆ ಕಾಣುತ್ತದೆ, ಅಷ್ಟೇನೂ ಭಯವಿಲ್ಲ. ಒಳಗೆ ಸೋರಿದರೆ ಪಂಪಿನ ಮೂಲಕ ಡೀಸೆಲ್ ಎಂಜಿನ್ ಆಯಿಲಿಗೆ ಸೇರುತ್ತದೆ, ಏಕೆಂದರೆ ಈ ಪಂಪಿಗೆ ಲೂಬ್ರಿಕೇಶನ್ ಎಂಜಿನ್ ಆಯಿಲಿನದೇ.

ಡಿಪ್‌ಸ್ಟಿಕ್ ತೆಗೆದು ನೋಡಿದಾಗ ಆಯಿಲ್ ಮಟ್ಟ ಏರಿದ್ದರೆ ಅದು ಶುಭ ಸೂಚನೆಯಲ್ಲ. ಆಯಿಲ್ ಯಾವತ್ತೂ ತಾನಾಗಿ ಹೆಚ್ಚುವುದಿಲ್ಲ. ಬಿಳಿ ಟಿಶ್ಯೂ ಕಾಗದದ ಮೇಲೆ ಒಂದು ಹನಿ ಬಿಟ್ಟು ಸ್ವಲ್ಪ ಹೊತ್ತು ಬಿಡಿ. ಮಧ್ಯದ ಕಪ್ಪು ಚುಕ್ಕೆಯ ಸುತ್ತ ತೆಳುವಾದ, ಜಿಡ್ಡಿನ ಉಂಗುರ ದೂರಕ್ಕೆ ಹರಡಿದರೆ, ಮೂಗಿಗೆ ಡೀಸೆಲ್ ವಾಸನೆ ಹೊಡೆದರೆ ಇಂಧನ ಬೆರೆತಿದೆ ಎಂದೇ ಅರ್ಥ. ಆ ಆಯಿಲಿನಲ್ಲಿ ಎಂಜಿನ್ ಓಡಿಸಬೇಡಿ, ಬೇರಿಂಗ್ ಹೋಗುತ್ತದೆ.

ನೀವು ಡೀಸೆಲ್ ಒಂದನ್ನೇ ಬಳಸುವವರಾದರೆ ಬೈಪಾಸ್ ಮಾಡುವುದರಲ್ಲಿ ತಪ್ಪೇನಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಒಂದು ಎಚ್ಚರ. ಬೈಪಾಸ್ ಆದ ಮೇಲೆ ಪಿಸ್ಟನ್ನಿಗೆ ಇಂಧನದ ಒತ್ತಡ ಇರುವುದಿಲ್ಲ, ತಡೆ ಸ್ಪ್ರಿಂಗ್ ತಳ್ಳಿದ ಕಡೆ ಹೋಗಿ ನಿಲ್ಲುತ್ತದೆ. ಅಂದರೆ ಫುಲ್ ಲೋಡ್ ಪ್ರಮಾಣ ಮೊದಲಿನಂತೆ ಇರುವುದಿಲ್ಲ. ಬೈಪಾಸ್ ಮಾಡಿದವರು ಪ್ರಮಾಣವನ್ನು ಹೊಸದಾಗಿ ಹೊಂದಿಸಲೇಬೇಕು. ಪೈಪ್ ಬಿಚ್ಚಿ, ಬೆಣೆ ಹಾಕಿ, "ಮುಗಿಯಿತು" ಎಂದು ರಸ್ತೆಗೆ ಇಳಿಸುವುದು ಅಪಾಯ.

ಲಾರಿಗೆ ಶಕ್ತಿ ಸಾಲುತ್ತಿಲ್ಲ. ಮೊದಲು ಸ್ಕ್ರೂ ತಿರುಗಿಸಲೇ?

ಬೇಡ. ಸ್ಕ್ರೂ ಕೊನೆಯ ಕೆಲಸ. ಸೊರಗಿದ ಲಾರಿಗಳಲ್ಲಿ ಪಂಪಿನ ಪ್ರಮಾಣ ಕಡಿಮೆಯಾಗಿರುವುದು ಅಪರೂಪ, ಡೀಸೆಲ್ ಪಂಪಿನವರೆಗೆ ಬಾರದಿರುವುದೇ ಹೆಚ್ಚು.

ಮೊದಲು ಟ್ಯಾಂಕಿನ ಬಳಿ ನಿಲ್ಲಿ. ಇನ್ನೊಬ್ಬರಿಗೆ ಆಕ್ಸೆಸರಿ ಸ್ವಿಚ್ ಹಾಕಲು ಹೇಳಿ. ಟ್ಯಾಂಕಿನೊಳಗಿನ ಎಲೆಕ್ಟ್ರಿಕ್ ಪಂಪ್ ಗುಂಯ್‌ಗುಡುವುದು ಕೇಳಿಸಬೇಕು. ಕೇಳಿಸದಿದ್ದರೆ ತೊಂದರೆ ಅಲ್ಲೇ ಸಿಕ್ಕಿತು. ಆಮೇಲೆ ಫಿಲ್ಟರ್. ಈ ಲಾರಿಗೆ ಒಂದಲ್ಲ, ಮೂರು ಫ್ಯೂಯಲ್ ಫಿಲ್ಟರ್‌ಗಳಿವೆ. ವರ್ಷಗಟ್ಟಲೆ ನಿಂತ ಲಾರಿಯಲ್ಲಿ ಮೂರೂ ಕಟ್ಟಿಕೊಂಡಿರುತ್ತವೆ, ತಳದಲ್ಲಿ ನೀರು ನಿಂತಿರುತ್ತದೆ. ಬದಲಿಸಿ, ನೀರು ಇಳಿಸಿ, ಪೈಪಿನೊಳಗೆ ಸಿಕ್ಕಿಕೊಂಡ ಏರ್ ತೆಗೆಯಿರಿ. ಏರ್ ಫಿಲ್ಟರನ್ನೂ ಬಿಚ್ಚಿ ನೋಡಿ. ಅದು ಕಟ್ಟಿಕೊಂಡಿದ್ದರೆ ನೀವು ಹೆಚ್ಚಿಸುವ ಡೀಸೆಲ್ ಎಲ್ಲ ಮಸಿಯಾಗಿಯೇ ಹೊರಬರುತ್ತದೆ.

ಬಹಳ ಜನ ನೋಡದೇ ಬಿಡುವುದು ಆಕ್ಸಿಲರೇಟರ್ ಲಿಂಕೇಜನ್ನು. ಎಂಜಿನ್ ಆಫ್ ಇರುವಾಗ ಒಬ್ಬರು ಪೆಡಲನ್ನು ನೆಲಕ್ಕೆ ಒತ್ತಿ ಹಿಡಿಯಲಿ, ನೀವು ಬಾನೆಟ್ ಎತ್ತಿ ಪಂಪಿನ ಲಿವರ್ ನೋಡಿ. ಆ ಲಿವರನ್ನು ಕೈಯಿಂದ ಇನ್ನಷ್ಟು ಮುಂದೆ ತಳ್ಳಲು ಬಂದರೆ ಪೂರ್ತಿ ಆಕ್ಸಿಲರೇಟರ್ ನಿಮಗೆ ಯಾವತ್ತೂ ಸಿಕ್ಕಿಲ್ಲ ಎಂದಾಯಿತು. ರಾಡ್ ಉದ್ದ ಸರಿಪಡಿಸಿದರೆ ಸಾಕು, ಖರ್ಚು ಏನೂ ಇಲ್ಲ. ಎಂಜಿನ್ ನಿಲ್ಲಿಸುವ ಕೇಬಲ್ ಅರ್ಧ ಎಳೆದುಕೊಂಡೇ ಸಿಕ್ಕಿಹಾಕಿಕೊಂಡಿದೆಯೇ ಎಂದೂ ನೋಡಿ. ಬ್ರೇಕ್ ಹಿಡಿದುಕೊಂಡಿದ್ದರೆ ಚಕ್ರದ ಡ್ರಮ್ ಬಿಸಿಯಾಗಿರುತ್ತದೆ.

ಇಷ್ಟೆಲ್ಲ ಆದ ಮೇಲೆ ಒಂದು ಮಾತು ನೆನಪಿಡಿ. ಖಾಲಿ ಲಾರಿಯ ತೂಕವೇ ಸುಮಾರು 6 ಟನ್. ಅದು ಏರಿನಲ್ಲಿ ನಿಧಾನಕ್ಕೆ ಹತ್ತುವುದು ರೋಗವಲ್ಲ.

ಪೈರೋಮೀಟರ್ ಇಲ್ಲದೆ ಮಾಡಬಹುದೇ?

ಮಾಡಬಾರದು. ಪೆಟ್ರೋಲ್ ಎಂಜಿನ್ನಿಗೆ ಇಂಧನ ಹೆಚ್ಚಾದರೆ ಉರಿ ತಂಪಾಗುತ್ತದೆ. ಡೀಸೆಲ್ಲಿನಲ್ಲಿ ಇದು ಉಲ್ಟಾ, ಇಂಧನ ಹೆಚ್ಚಿದಷ್ಟೂ ಬಿಸಿ ಹೆಚ್ಚು. ಪಿಸ್ಟನ್ ಅಲ್ಯೂಮಿನಿಯಂನದು. ರೇಡಿಯೇಟರ್ ಮುಳ್ಳು ಸರಿಯಾಗಿಯೇ ಇರುತ್ತದೆ, ಪಿಸ್ಟನ್ ತಲೆ ಕರಗತೊಡಗಿರುತ್ತದೆ. ನೀರಿನ ಮೀಟರ್ ಇದನ್ನು ತೋರಿಸುವುದೇ ಇಲ್ಲ. ತೋರಿಸುವುದು ಹೊಗೆಯ ಬಿಸಿ ಅಳೆಯುವ ಪೈರೋಮೀಟರ್ ಮಾತ್ರ.

ಅದರ ಕಡ್ಡಿಯನ್ನು ಟರ್ಬೊಗಿಂತ ಮೊದಲು, ಎಕ್ಸಾಸ್ಟ್ ಮ್ಯಾನಿಫೋಲ್ಡಿನಲ್ಲಿ ಕೂರಿಸುವುದು ಉತ್ತಮ. ಟರ್ಬೊ ದಾಟಿದ ಮೇಲೆ ಹೊಗೆ ತಣ್ಣಗಾಗಿರುತ್ತದೆ, ಎಷ್ಟು ತಣ್ಣಗಾಗಿದೆ ಎಂಬುದು ಲೋಡಿನ ಮೇಲೆ ಬದಲಾಗುತ್ತದೆ, ಅಂದಾಜು ತಪ್ಪುತ್ತದೆ. ಈ ಎಂಜಿನ್ ಇಟ್ಟುಕೊಂಡವರು ಸಾಮಾನ್ಯವಾಗಿ ಪಾಲಿಸುವ ಗಡಿ ಟರ್ಬೊ ಮುಂಚೆ 1200 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 650 ಡಿಗ್ರಿ ಸೆಲ್ಸಿಯಸ್. ನನ್ನನ್ನು ಕೇಳಿದರೆ ಅದಕ್ಕಿಂತ ಸ್ವಲ್ಪ ಕೆಳಗೇ ನಿಲ್ಲಿಸಿ. ಹಳೆಯ ಎಂಜಿನ್, ಹಳೆಯ ಹೆಡ್ ಗ್ಯಾಸ್ಕೆಟ್, ಸೆಕೆಯ ದಿನ, ಉದ್ದದ ಏರು ಎಲ್ಲ ಒಟ್ಟಾಗುವ ದಿನಕ್ಕೆ ಅಷ್ಟು ಜಾಗ ಬೇಕು.

ಮ್ಯಾನಿಫೋಲ್ಡಿಗೆ ತೂತು ಕೊರೆಯುವಾಗ ಕಬ್ಬಿಣದ ಚೂರು ಒಳಗೆ ಬೀಳದಂತೆ ನೋಡಿಕೊಳ್ಳಿ. ಒಂದು ಚೂರು ಸಾಕು, ಟರ್ಬೊ ರೆಕ್ಕೆ ಹಾಳಾಗಲು. ಟರ್ಬೊ ಬಿಚ್ಚಿಟ್ಟು ಕೊರೆಯುವುದು ಸುರಕ್ಷಿತ. ಡ್ರಿಲ್ ಬಿಟ್ಟಿಗೆ ಗ್ರೀಸ್ ಹಚ್ಚಿದರೆ ಚೂರು ಅಂಟಿಕೊಳ್ಳುತ್ತದೆ, ಉಳಿದದ್ದನ್ನು ಅಯಸ್ಕಾಂತದಿಂದ ಎತ್ತಬಹುದು.

ಸರಿ, ಎಲ್ಲ ನೋಡಿದ್ದಾಯಿತು. ಪ್ರಮಾಣ ಹೊಂದಿಸುವುದು ಹೇಗೆ?

ಪಂಪಿನ ಮೇಲೆ ಹಲವು ಸ್ಕ್ರೂಗಳಿವೆ. ಐಡಲ್ ವೇಗದ್ದು ಬೇರೆ, ಗವರ್ನರಿನ ಗರಿಷ್ಠ ವೇಗದ್ದು ಬೇರೆ, ಫುಲ್ ಲೋಡ್ ಡೀಸೆಲ್ ಪ್ರಮಾಣದ್ದು ಬೇರೆ. ನಿಮಗೆ ಬೇಕಾದದ್ದು ಮೂರನೆಯದು ಮಾತ್ರ. ಗರಿಷ್ಠ ವೇಗದ ಸ್ಕ್ರೂ ತಿರುಗಿಸಿ "ಶಕ್ತಿ ಬಂತು" ಎಂದುಕೊಂಡವರ ಎಂಜಿನ್ನುಗಳಲ್ಲಿ ಕನೆಕ್ಟಿಂಗ್ ರಾಡ್ ಬ್ಲಾಕ್ ಒಡೆದು ಹೊರಬಂದಿದೆ. 2600 ಆರ್‌ಪಿಎಂ ಈ ಎಂಜಿನ್ನಿನ ಗಡಿ. ಅದನ್ನು ದಾಟಿಸುವ ಯಾವ ಹೊಂದಾಣಿಕೆಯೂ ಬೇಡ. ಯಾವ ಸ್ಕ್ರೂ ಯಾವುದು, ಯಾವ ಕಡೆ ತಿರುಗಿಸಿದರೆ ಹೆಚ್ಚುತ್ತದೆ ಎಂಬುದನ್ನು ನಿಮ್ಮ ಪಂಪಿನ ತಗಡಿನ ಮೇಲಿರುವ ಮಾಡೆಲ್ ನಂಬರಿಗೆ ಹೊಂದುವ ಸೇನೆಯ ಕೈಪಿಡಿಯಲ್ಲಿ ನೋಡಿಯೇ ಮುಂದುವರಿಯಿರಿ.

ಬಿಚ್ಚುವ ಮೊದಲು ಪಂಪಿನ ಸುತ್ತ ತೊಳೆದು ಒರೆಸಿ. ಗವರ್ನರ್ ಮುಚ್ಚಳ ತೆಗೆದಾಗ ಒಂದು ಮರಳಿನ ಕಣವೂ ಒಳಗೆ ಹೋಗಕೂಡದು. ಈಗಿರುವ ಜಾಗದ ಗುರುತನ್ನು ಸ್ಕ್ರೂ ಮೇಲೂ ಪಕ್ಕದಲ್ಲೂ ಬಣ್ಣದಿಂದ ಹಾಕಿ, ಫೋಟೊ ತೆಗೆದಿಟ್ಟುಕೊಳ್ಳಿ. ಹೊರಗೆ ಎಷ್ಟು ಎಳೆ ಕಾಣುತ್ತಿದೆ ಎಂದು ಅಳೆದು ಬರೆದುಕೊಳ್ಳಿ. ಆಮೇಲೆ ಲಾಕ್ ನಟ್ ಸಡಿಲಿಸಿ, ಸುತ್ತಿನ ಎಂಟನೇ ಒಂದು ಭಾಗದಷ್ಟು ಮಾತ್ರ ತಿರುಗಿಸಿ, ಲಾಕ್ ನಟ್ ಬಿಗಿ ಮಾಡಿ. ನಟ್ ಬಿಗಿಯುವಾಗ ಸ್ಕ್ರೂ ಜೊತೆಗೇ ತಿರುಗುವುದುಂಟು. ಸ್ಕ್ರೂಡ್ರೈವರ್ ಅಲ್ಲಾಡದಂತೆ ಹಿಡಿದುಕೊಂಡೇ ಬಿಗಿಯಬೇಕು.

ಎಂಜಿನ್ ಚಾಲೂ ಮಾಡುವ ಮೊದಲು ನಿಲ್ಲಿಸುವ ಕೇಬಲ್ ಎಳೆದು ಬಿಟ್ಟು ನೋಡಿ, ಸಲೀಸಾಗಿ ಓಡಬೇಕು. ಗವರ್ನರ್ ತಪ್ಪಾಗಿ ಕೂತಿದ್ದರೆ ಎಂಜಿನ್ ಕೈಮೀರಿ ಓಡತೊಡಗಬಹುದು. ಗಾಳಿ ಒಳಗೆ ಹೋಗುವ ಬಾಯನ್ನು ಪೂರ್ತಿ ಮುಚ್ಚುವಂಥ ದಪ್ಪ ಹಲಗೆ ಹಿಡಿದು ಒಬ್ಬರು ಸಿದ್ಧರಿರಲಿ. ಅಂಗೈಯಿಂದ ಮುಚ್ಚಲು ಹೋಗಬೇಡಿ. ನಾಝಲ್ ಪೈಪ್ ಸೋರುತ್ತಿದೆಯೇ ಎಂದು ಬೆರಳಿಟ್ಟು ನೋಡುವುದೂ ಕೂಡದು. ಆ ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ, ಗಾಯ ಚಿಕ್ಕದಾಗಿ ಕಂಡರೂ ಕೈಯನ್ನೇ ಕಳೆಯಬಹುದು. ರಟ್ಟಿನ ತುಂಡು ಹಿಡಿದು ನೋಡಿ.

ರಸ್ತೆಯ ಮೇಲೆ ಪರೀಕ್ಷೆ ಹೇಗೆ?

ನಿಂತಲ್ಲೇ ರೇಸ್ ಮಾಡಿದರೆ ಏನೂ ತಿಳಿಯುವುದಿಲ್ಲ, ಎಂಜಿನ್ ಮೇಲೆ ಭಾರವೇ ಇರುವುದಿಲ್ಲ. ಎಂಜಿನ್ ಪೂರ್ತಿ ಕಾದ ಮೇಲೆ, ಸಾಧ್ಯವಾದರೆ ಲೋಡ್ ಹಾಕಿಕೊಂಡು, ಉದ್ದವಾದ ಏರು ಹುಡುಕಿ. ಮೇಲಿನ ಗೇರಿನಲ್ಲಿ ಪೆಡಲ್ ಪೂರ್ತಿ ಒತ್ತಿ ಹತ್ತಿಸಿ. ಪೈರೋಮೀಟರ್ ಮುಳ್ಳು ತಟ್ಟನೆ ಏರಿ ನಿಲ್ಲುವುದಿಲ್ಲ, ಏರುತ್ತಲೇ ಹೋಗುತ್ತದೆ. ಅದು ಒಂದು ಕಡೆ ನಿಲ್ಲುವವರೆಗೂ ಕಾಯಬೇಕು. ಗಡಿ ಹತ್ತಿರವಾದರೆ ಕಾಯಬೇಡಿ, ಕಾಲು ಎತ್ತಿ. ಮುಳ್ಳು ಎಲ್ಲಿ ನಿಂತಿತು, ಯಾವ ಗೇರು, ಎಷ್ಟು ಆರ್‌ಪಿಎಂ, ಹೊಗೆ ಯಾವ ಬಣ್ಣ ಎಂದು ಬರೆದುಕೊಂಡು, ಎಂಜಿನ್ ಆರಿದ ಮೇಲೆ ಮುಂದಿನ ಎಂಟನೇ ಒಂದು ಸುತ್ತು.

ಹೊಗೆಯ ಬಣ್ಣ ಓದಲು ಕಲಿತರೆ ಅರ್ಧ ಕೆಲಸ ಮುಗಿದಂತೆ. ಗೇರ್ ಬದಲಿಸಿದಾಗ ಒಂದು ಉಸಿರು ಕಪ್ಪು ಹೊಗೆ ಬಂದು, ಟರ್ಬೊ ಸಿಳ್ಳೆ ಹಿಡಿದ ಕೂಡಲೇ ತಿಳಿಯಾದರೆ ಸರಿ. ಏರು ಮುಗಿಯುವವರೆಗೂ ಕಪ್ಪಾಗಿಯೇ ಇದ್ದರೆ ಡೀಸೆಲ್ ಹೆಚ್ಚಾಗಿದೆ, ಹಿಂದಕ್ಕೆ ತಿರುಗಿಸಿ. ಬೆಳಗ್ಗೆ ತಣ್ಣಗಿರುವಾಗ ಬಿಳಿ ಹೊಗೆ ಈ ಎಂಜಿನ್ನಿನ ಸ್ವಭಾವ, ತಣ್ಣನೆಯ ಪಿಸ್ಟನ್ ಗೋಡೆಗೆ ಅಂಟಿದ ಡೀಸೆಲ್ ಸರಿಯಾಗಿ ಆವಿಯಾಗುವುದಿಲ್ಲ. ನೀಲಿ ಬಂದರೆ ಆಯಿಲ್ ಉರಿಯುತ್ತಿದೆ, ಅದಕ್ಕೂ ಈ ಸ್ಕ್ರೂಗೂ ಸಂಬಂಧವಿಲ್ಲ.

ಹೆಚ್ಚಿಸಿದ ಮೇಲೆ ಓಡಿಸುವ ರೀತಿ ಬದಲಾಗಬೇಕೇ?

ಹೌದು. ಏರಿನಲ್ಲಿ ಬಿಸಿ ಏರತೊಡಗಿದರೆ ಗೇರ್ ಇಳಿಸಿ. ಆರ್‌ಪಿಎಂ ಏರಿದಾಗ ಗಾಳಿ ಹೆಚ್ಚು ಸಿಗುತ್ತದೆ, ಬಿಸಿ ಇಳಿಯುತ್ತದೆ. ಓವರ್‌ಡ್ರೈವ್ ಆದ ಐದನೇ ಗೇರಿನಲ್ಲಿ ಎಂಜಿನ್ ಅದುಮಿಕೊಂಡು ಹತ್ತಿಸುವ ಚಾಳಿ ಬಿಡಬೇಕು. ನಿಲ್ಲಿಸುವ ಮೊದಲು ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಡಿ, ಟರ್ಬೊ ಬೇರಿಂಗಿಗೆ ಆಯಿಲ್ ಹರಿಯುತ್ತಿರುವಾಗಲೇ ಅದು ಆರಲಿ.

ಎಲ್‌ಡಿಎಸ್ ಎಂಜಿನ್ನಿನ ಮಟ್ಟಕ್ಕೆ, ಸುಮಾರು 180 ಅಶ್ವಶಕ್ತಿಗೆ ಏರಿಸಬಹುದೇ?

ಎಲ್‌ಡಿಎಸ್ ಆ ಶಕ್ತಿಗಾಗಿಯೇ ಕಟ್ಟಿದ ಎಂಜಿನ್. ಎಲ್‌ಡಿಟಿಗೆ ಅದರ ಡೀಸೆಲ್ ಪ್ರಮಾಣ ಕೊಟ್ಟರೆ ಗಾಳಿ ಸಾಲದು. ಬೇಡ.

ಪೆಟ್ರೋಲ್, ಹಳೆಯ ಎಂಜಿನ್ ಆಯಿಲ್, ಅಡುಗೆ ಎಣ್ಣೆ ಹಾಕಿ ಓಡಿಸುವವರೂ ಇದ್ದಾರಲ್ಲ?

ಇದ್ದಾರೆ. ಸೇನೆಯ ದೃಷ್ಟಿಯಲ್ಲೂ ಪೆಟ್ರೋಲ್ ತುರ್ತಿಗೆ ಮಾತ್ರ, ದಿನನಿತ್ಯದ ಇಂಧನ ಡೀಸೆಲ್. ಪೆಟ್ರೋಲಿನಲ್ಲಿ ಜಿಡ್ಡಿಲ್ಲ, ಪ್ಲಂಜರ್ ಸವೆಯುತ್ತದೆ. ಹಳೆಯ ಆಯಿಲ್ ಬಳಸುವವರು ಚೆನ್ನಾಗಿ ಸೋಸಿ, ಡೀಸೆಲ್ಲಿಗೆ ಸ್ವಲ್ಪ ಬೆರೆಸುತ್ತಾರೆ. ಸರಿಯಾಗಿ ಸೋಸದಿದ್ದರೆ ಹೈಡ್ರಾಲಿಕ್ ಹೆಡ್ ಹೋಗುತ್ತದೆ, ಉಳಿಸಿದ ದುಡ್ಡೆಲ್ಲ ಒಂದೇ ಸಲ ಕೈಬಿಡುತ್ತದೆ. ಇಂದಿನ ಡೀಸೆಲ್ಲಿನಲ್ಲಿ ಗಂಧಕ ತೀರಾ ಕಡಿಮೆ, ಅಮೆರಿಕದಲ್ಲಿ 15 ಪಿಪಿಎಂ. ಹಳೆಯ ಪಂಪ್ ಇಟ್ಟುಕೊಂಡವರು ಜಿಡ್ಡು ಹೆಚ್ಚಿಸುವ ಅಡಿಟಿವ್ ಬೆರೆಸುವುದು ಒಳ್ಳೆಯ ಅಭ್ಯಾಸ.

ಯಾವ ಮಿಶ್ರಣವೇ ಇರಲಿ, ಪ್ರಮಾಣ ಹೊಂದಿಸುವ ದಿನ ಟ್ಯಾಂಕಿನಲ್ಲಿ ಇದ್ದದ್ದನ್ನೇ ಮುಂದೆಯೂ ಬಳಸಿ. ಕಾಂಪೆನ್ಸೇಟರ್ ಬೈಪಾಸ್ ಆಗಿರುವ ಲಾರಿಗೆ ತೆಳು ಇಂಧನದಲ್ಲಿ ಹೊಂದಿಸಿ, ಆಮೇಲೆ ಶುದ್ಧ ಡೀಸೆಲ್ ತುಂಬಿಸಿದರೆ ಬಿಸಿ ಗಡಿ ದಾಟುತ್ತದೆ.

ಚಳಿಯಲ್ಲಿ ಸ್ಟಾರ್ಟ್ ಆಗುವುದಿಲ್ಲ. ಡೀಸೆಲ್ ಹೆಚ್ಚಿಸಿದರೆ ಸರಿಹೋಗುತ್ತದಾ?

ಇಲ್ಲ. ಅದು 24 ವೋಲ್ಟಿನ ಬ್ಯಾಟರಿ ಜೋಡಿ ಮತ್ತು ಮ್ಯಾನಿಫೋಲ್ಡ್ ಹೀಟರಿನ ವಿಷಯ. ಆ ಹೀಟರ್ ಒಳಹೋಗುವ ಗಾಳಿಯ ದಾರಿಯಲ್ಲಿ ಬೆಂಕಿ ಉರಿಸಿಯೇ ಬಿಸಿ ಮಾಡುತ್ತದೆ. ಹೀಟರ್ ಬಳಸುವಾಗ ಬೇಗ ಸ್ಟಾರ್ಟ್ ಆಗಲೆಂದು ಈಥರ್ ಸ್ಪ್ರೇ ಹೊಡೆಯಲೇಬೇಡಿ, ಮ್ಯಾನಿಫೋಲ್ಡ್ ಸ್ಫೋಟಿಸುತ್ತದೆ.

ಪಂಪನ್ನು ಟೆಸ್ಟ್ ಬೆಂಚಿಗೇ (ಪಂಪ್ ಪರೀಕ್ಷಿಸುವ ಯಂತ್ರಕ್ಕೆ) ಕಳಿಸಬೇಕಾದದ್ದು ಯಾವಾಗ?

ಸ್ಕ್ರೂ ತಿರುಗಿಸಿದರೂ ಬಿಸಿಯಲ್ಲಾಗಲಿ ಹೊಗೆಯಲ್ಲಾಗಲಿ ವ್ಯತ್ಯಾಸ ಕಾಣದಿದ್ದರೆ. ಕಾದ ಮೇಲೆ ಎಂಜಿನ್ ಸೊರಗಿ, ಆರಿದ ಮೇಲೆ ಮತ್ತೆ ಚುರುಕಾದರೆ ಪ್ಲಂಜರ್ ಸವೆದಿರಬಹುದು, ಬಿಸಿ ಡೀಸೆಲ್ ತೆಳುವಾಗಿ ಸಂದಿಯಲ್ಲಿ ಜಾರುತ್ತದೆ. ಕಾಂಪೆನ್ಸೇಟರ್ ಬೈಪಾಸ್ ಮಾಡಿದ ಮೇಲೂ ಆಯಿಲಿನಲ್ಲಿ ಡೀಸೆಲ್ ಸಿಕ್ಕರೆ ಆಗಲೂ ಬೆಂಚೇ ಗತಿ. ಪಿಎಸ್‌ಬಿ ಪಂಪಿನ ಮೇಲೆ ಕೆಲಸ ಮಾಡಿದ ಅನುಭವ ಇದೆಯೇ ಎಂದು ಮೊದಲೇ ಕೇಳಿ. ಇನ್‌ಲೈನ್ ಪಂಪ್ ಚೆನ್ನಾಗಿ ಬಲ್ಲವರೆಲ್ಲ ಇದನ್ನು ಬಲ್ಲರು ಎಂದೇನಿಲ್ಲ. ಕಳಿಸುವಾಗ ನೀವು ಬರೆದಿಟ್ಟ ಅಳತೆ, ಬಿಸಿ, ಹೊಗೆಯ ವಿವರದ ಚೀಟಿಯನ್ನು ಪಂಪಿಗೆ ಕಟ್ಟಿಯೇ ಕಳಿಸಿ. ಬೆಂಚಿನ ಮುಂದೆ ಕೂತವರಿಗೆ ಲಾರಿ ಏರು ಹತ್ತುವಾಗ ಏನಾಯಿತು ಎಂದು ತಿಳಿಯಲು ಬೇರೆ ದಾರಿಯಿಲ್ಲ.